ಕೆಲಸ ಕೈಹತ್ತುವ ಬಗೆ

ಹೊಸದಾಗಿ ಕಾರ್ಖಾನೆಯೊಂದನ್ನು ಸ್ಥಾಪಿಸಲು ಹೊರಟವರು ನೆಲ, ಕಟ್ಟಡ, ಯಂತ್ರ, ಕಚ್ಚಾ ಸಾಮಗ್ರಿ ಇವುಗಳ ಬೆಲೆಯನ್ನು ಮೊದಲು ಲೆಕ್ಕ ಹಾಕುತ್ತಾರೆ. ಹಣವಿದ್ದಲ್ಲಿ ಇವೆಲ್ಲವನ್ನೂ ಕೊಂಡು ತರಬಹುದು. ದೂರದೇಶದಲ್ಲಿ ತಯಾರಾದ ಉತ್ತಮ ಯಂತ್ರವನ್ನು ಹಡಗಿನಲ್ಲಿ ತರಿಸಿ ಕೆಲವೇ ವಾರಗಳಲ್ಲಿ ಇಲ್ಲಿ ನಿಲ್ಲಿಸಬಹುದು. ಆದರೆ ಆ ಯಂತ್ರದ ಮುಂದೆ ನಿಲ್ಲುವವನ ಕೈಯಲ್ಲಿ ಇರಬೇಕಾದ ಕುಶಲತೆಯನ್ನು ಹಾಗೆ ಪೆಟ್ಟಿಗೆಯಲ್ಲಿಟ್ಟು ತರಿಸಲು ಬರುವುದಿಲ್ಲ. ಅದು ಅಲ್ಲಿಯೇ, ಕೆಲಸದ ನಡುವೆಯೇ ಬೆಳೆಯಬೇಕು. ಒಂದೇ ಬಗೆಯ ಯಂತ್ರ, ಒಂದೇ ಬಗೆಯ ಸರಕು ಇರುವ ಎರಡು ಕಾರ್ಖಾನೆಗಳಲ್ಲಿ ಒಂದು ಏಳಿಗೆಗೆ ಬಂದು, ಇನ್ನೊಂದು ಕುಂಟುತ್ತಿರುವುದುಂಟು. ಈ ಅಂತರಕ್ಕೆ ಕಾರಣಗಳು ಹಲವಾದರೂ ಅವುಗಳಲ್ಲಿ ಮುಖ್ಯವಾದ ಒಂದು, ಕೆಲಸಗಾರರು ಕಲಿಯುವ ರೀತಿ.

ಅಭ್ಯಾಸದಿಂದ ಕೆಲಸ ಸುಲಭವಾಗುತ್ತದೆಂಬುದು ಎಲ್ಲರಿಗೂ ತಿಳಿದ ಸಂಗತಿ. ‘ಕೆಲಸ ಕೈಹತ್ತಿತು’ ಎಂದು ನಾವು ಆಡುವ ಮಾತಿನಲ್ಲಿಯೇ ಈ ಅನುಭವ ಅಡಗಿದೆ. ಆದರೆ ವಿಜ್ಞಾನಕ್ಕೆ ಇಷ್ಟು ಸಾಲದು. ಕೆಲಸ ಕೈಹತ್ತುವುದನ್ನು ಅಳೆಯಲು ಬರುವುದೆ? ಅದರಲ್ಲಿ ಏನಾದರೂ ನಿಯಮವುಂಟೆ? ನಿಯಮವಿದ್ದರೆ, ಅದನ್ನರಿತು ಕಲಿಕೆಯ ಕಾಲವನ್ನು ಮೊಟಕುಗೊಳಿಸಬಹುದೆ? ಕಲಿತದ್ದು ಕಾರ್ಖಾನೆಯಲ್ಲಿ ಶಾಶ್ವತವಾಗಿ ಉಳಿಯುವುದೆ? ಕೊನೆಯದಾಗಿ, ಆ ಕಲಿಕೆಯಿಂದ ಹುಟ್ಟಿದ ಲಾಭ ಯಾರ ಪಾಲಿಗೆ ಸೇರುತ್ತದೆ? ಸುಮಾರು ನೂರ ನಲವತ್ತು ವರ್ಷಗಳಿಂದ ನಡೆದುಬಂದಿರುವ ಪ್ರಯೋಗಗಳು ಈ ಪ್ರಶ್ನೆಗಳಿಗೆ ಕೆಲವು ಉತ್ತರಗಳನ್ನು ಒದಗಿಸಿವೆ. ಅವುಗಳನ್ನು ಒಂದೊಂದಾಗಿ ಪರಿಶೀಲಿಸೋಣ.

ತಂತಿ ಕಚೇರಿಯಲ್ಲಿ ದೊರೆತ ರೇಖೆ

ಜರ್ಮನಿಯ ಹರ್ಮನ್ ಎಬಿಂಗ್‌ಹೌಸ್ ಎಂಬ ಮನಶ್ಶಾಸ್ತ್ರಜ್ಞರು ೧೮೮೫ರಲ್ಲಿ ನೆನಪಿನ ಬಗ್ಗೆ ಒಂದು ಗ್ರಂಥವನ್ನು ಪ್ರಕಟಿಸಿದರು. ಅವರು ಪ್ರಯೋಗ ನಡೆಸಿದ್ದು ತಮ್ಮ ಮೇಲೆಯೇ. ಯಾವ ಅರ್ಥವೂ ಇಲ್ಲದ ಅಕ್ಷರಗುಚ್ಛಗಳನ್ನು ಉರುಹಚ್ಚಿ, ಇಂತಿಷ್ಟು ಹೊತ್ತಿನ ಬಳಿಕ ಅವನ್ನು ಮತ್ತೆ ಕಲಿಯಲು ಎಷ್ಟು ಶ್ರಮ ಉಳಿತಾಯವಾಯಿತೆಂಬುದನ್ನು ಗುರುತಿಸುತ್ತ ಹೋದರು. ಮರೆವು ಮೊದಮೊದಲು ಅತಿ ವೇಗವಾಗಿ ನಡೆದು, ಅನಂತರ ನಿಧಾನವಾಗುತ್ತದೆಂಬುದು ಅವರು ಕಂಡುಕೊಂಡ ಮುಖ್ಯ ಸಂಗತಿ. ಅವರ ಲೆಕ್ಕದಂತೆ ಒಂದು ಗಂಟೆಯಲ್ಲಿ ಅರ್ಧಕ್ಕಿಂತ ಹೆಚ್ಚು, ಒಂದು ದಿನದಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಅಳಿದುಹೋಗುತ್ತಿತ್ತು. ಇನ್ನೊಂದು ಸಂಗತಿ ಕಲಿಸುವವರಿಗೆ ಇನ್ನೂ ಬೆಲೆಯುಳ್ಳದ್ದು. ಒಂದೇ ಬಾರಿಗೆ ೬೮ ಸಲ ಉರುಹಾಕಿದ್ದರಿಂದ ದೊರೆತ ಫಲ, ಮೂರು ದಿನಗಳಲ್ಲಿ ಹಂಚಿಕೊಂಡು ೩೮ ಸಲ ಓದಿದ್ದರಿಂದಲೂ ದೊರೆಯಿತು. ಪರೀಕ್ಷೆಯ ಹಿಂದಿನ ರಾತ್ರಿ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಓದುವ ವಿದ್ಯಾರ್ಥಿಗಳು ಇದನ್ನು ಗಮನಿಸುವುದು ಒಳ್ಳೆಯದು.

ಎಬಿಂಗ್‌ಹೌಸರು ಅಳೆದದ್ದು ಬಾಯಿಪಾಠವನ್ನು. ದುಡಿಯುವ ಜನರ ನಿಜವಾದ ಕಸುಬೊಂದನ್ನು ಹೀಗೆ ಅಳೆದವರಲ್ಲಿ ಮೊದಲಿಗರು ಅಮೆರಿಕದ ವಿಲಿಯಂ ಲೋ ಬ್ರಯಾನ್ ಮತ್ತು ನೋಬಲ್ ಹಾರ್ಟರ್. ಅವರು ಆರಿಸಿಕೊಂಡದ್ದು ತಂತಿ ಕಚೇರಿಯ ಕೆಲಸವನ್ನು. ಆಗ ಸಮಾಚಾರವೆಲ್ಲವೂ ‘ಕಟ್ಟು ಕಡ’ ಸದ್ದಿನ ಸಂಕೇತಗಳಾಗಿ ತಂತಿಯಲ್ಲಿ ಹರಿಯುತ್ತಿತ್ತು. ಕಲಿಯುವವನು ಸಂಕೇತಗಳನ್ನು ಕಳುಹಿಸಲೂ ಕಲಿಯಬೇಕು, ಕಿವಿಗೊಟ್ಟು ಗ್ರಹಿಸಲೂ ಕಲಿಯಬೇಕು. ೧೮೯೭ ಮತ್ತು ೧೮೯೯ರಲ್ಲಿ ಪ್ರಕಟವಾದ ತಮ್ಮ ಲೇಖನಗಳಲ್ಲಿ ಇವರು, ಅಂತಹ ಕಲಿಯುವವರು ನಿಮಿಷಕ್ಕೆ ಎಷ್ಟು ಅಕ್ಷರಗಳನ್ನು ನಿಭಾಯಿಸಬಲ್ಲರೆಂಬುದನ್ನು ವಾರವಾರವೂ ಅಳೆದು, ರೇಖಾಚಿತ್ರವಾಗಿ ಬರೆದು ತೋರಿಸಿದರು.

ಕಳುಹಿಸುವ ವೇಗದ ರೇಖೆ ಮೊದಲು ಕಡಿದಾಗಿ ಏರಿ, ಕ್ರಮೇಣ ಬಾಗುತ್ತ ಸಾಗಿತು. ಗ್ರಹಿಸುವ ವೇಗದ ರೇಖೆಯಾದರೋ ವಿಚಿತ್ರವಾಗಿತ್ತು. ಅದು ಸ್ವಲ್ಪ ದೂರ ಏರಿ, ಹಲವು ವಾರಗಳವರೆಗೆ ಬಯಲಿನಂತೆ ಚಪ್ಪಟೆಯಾಗಿ ನಿಂತು, ಬಳಿಕ ಮತ್ತೆ ಏರತೊಡಗಿತು. ಈ ಬಯಲು ಅವಧಿಯಲ್ಲಿ ಕಲಿಯುವವನಿಗೆ ತಾನು ಮುಂದೆ ಹೋಗುತ್ತಿಲ್ಲವೆಂದು ಬೇಸರ ಹುಟ್ಟುವುದು ಸಹಜ. ಬ್ರಯಾನ್ ಮತ್ತು ಹಾರ್ಟರ್ ಇದಕ್ಕೆ ಕೊಟ್ಟ ವಿವರಣೆ ಹೀಗಿದೆ: ಮೊದಲು ಕಿವಿ ಒಂದೊಂದೇ ಅಕ್ಷರವನ್ನು ಹಿಡಿಯುತ್ತದೆ. ಅಕ್ಷರಗಳು ಪೂರ್ತಿ ಅಭ್ಯಾಸವಾದ ಮೇಲೆ ಇಡೀ ಪದವೇ ಒಂದು ಘಟಕವಾಗಿ ಕೇಳಿಸತೊಡಗುತ್ತದೆ. ಆಮೇಲೆ ಪದಗಳ ಗುಂಪುಗಳೇ ಘಟಕಗಳಾಗುತ್ತವೆ. ಕೆಳಗಿನ ಮೆಟ್ಟಿಲು ಗಟ್ಟಿಯಾಗುತ್ತಿರುವಾಗ ಮೇಲಿನ ಮೆಟ್ಟಿಲು ಕಾಣಿಸುವುದಿಲ್ಲ. ಎಲ್ಲ ಕಸುಬುಗಳಲ್ಲಿಯೂ ಇಂತಹ ಬಯಲು ಕಾಣಿಸಿಕೊಳ್ಳುವುದಿಲ್ಲವೆಂದು ಮುಂದಿನ ಸಂಶೋಧಕರು ತಿಳಿಸಿದ್ದಾರೆ. ಆದರೂ, ಮುನ್ನಡೆ ನಿಂತಂತೆ ತೋರಿದ ಮಾತ್ರಕ್ಕೆ ಕಲಿಯುವವನು ದಡ್ಡನೆಂದು ತೀರ್ಮಾನಿಸಬಾರದೆಂಬ ಪಾಠ ಇಲ್ಲಿ ದೊರೆಯುತ್ತದೆ.

ವಿಮಾನದ ಲೆಕ್ಕಪುಸ್ತಕ

ಇದುವರೆಗೆ ನಾವು ನೋಡಿದ್ದು ಒಬ್ಬೊಬ್ಬ ಮನುಷ್ಯನ ಕಲಿಕೆಯನ್ನು. ಸಾವಿರಾರು ಜನ ಸೇರಿ ದುಡಿಯುವ ಇಡೀ ಕಾರ್ಖಾನೆಯೂ ಹೀಗೆ ಕಲಿಯುತ್ತದೆಯೆ? ಕಲಿಯುತ್ತದೆಂದು ಅಂಕಿಗಳಿಂದ ತೋರಿಸಿಕೊಟ್ಟವರು ಅಮೆರಿಕದ ವಿಮಾನ ಶಿಲ್ಪಿ ಥಿಯೊಡೋರ್ ಪಾಲ್ ರೈಟ್. ಇವರು ವಿಮಾನವನ್ನು ಮೊದಲು ಹಾರಿಸಿದ ರೈಟ್ ಸಹೋದರರಲ್ಲ. ಹೆಸರು ಮಾತ್ರ ಒಂದೇ. ವಿಮಾನ ತಯಾರಿಸುವ ಕಾರ್ಖಾನೆಯೊಂದರಲ್ಲಿ ದುಡಿಯುತ್ತ, ಲೆಕ್ಕಪುಸ್ತಕಗಳನ್ನು ವರ್ಷಗಟ್ಟಲೆ ಪರಿಶೀಲಿಸಿ, ೧೯೩೬ರಲ್ಲಿ ಅವರು ಒಂದು ಲೇಖನವನ್ನು ಬರೆದರು.

ತಯಾರಾದ ವಿಮಾನಗಳ ಒಟ್ಟು ಸಂಖ್ಯೆ ಇಮ್ಮಡಿಯಾದಾಗಲೆಲ್ಲ, ಒಂದು ವಿಮಾನಕ್ಕೆ ತಗಲುವ ಸರಾಸರಿ ಶ್ರಮ ಹಿಂದಿನದರ ನೂರಕ್ಕೆ ೮೦ರಷ್ಟಕ್ಕೆ ಇಳಿಯುತ್ತದೆಂಬುದು ಅವರ ಲೇಖನದ ಸಾರ. ಇದನ್ನು ಒಂದು ಉದಾಹರಣೆಯಿಂದ ತಿಳಿಯೋಣ. ಮೊದಲನೆಯ ವಿಮಾನಕ್ಕೆ ೧೦೦೦ ಗಂಟೆಗಳ ದುಡಿಮೆ ಬೇಕಾಯಿತೆನ್ನಿ. ಎರಡು ವಿಮಾನಗಳು ಮುಗಿದಾಗ ಸರಾಸರಿ ೮೦೦ ಗಂಟೆ. ನಾಲ್ಕು ಮುಗಿದಾಗ ೬೪೦. ಎಂಟು ಮುಗಿದಾಗ ೫೧೨. ಹದಿನಾರು ಮುಗಿದಾಗ ಸುಮಾರು ೪೧೦. ಮೂವತ್ತೆರಡು ಮುಗಿದಾಗ ಸುಮಾರು ೩೨೮. ಮೊದಲ ಇಳಿತವನ್ನು ಕಾಣಲು ಇನ್ನೊಂದೇ ವಿಮಾನ ಸಾಕಾಯಿತು. ಕೊನೆಯ ಇಳಿತಕ್ಕೆ ಹದಿನಾರು ವಿಮಾನಗಳು ಬೇಕಾದವು. ಎಂದರೆ ಆರಂಭದಲ್ಲಿ ಕಲಿಕೆಯ ಫಲ ಬೇಗಬೇಗನೆ ದೊರೆಯುತ್ತದೆ. ಮುಂದೆ ಹೋದಂತೆಲ್ಲ ಅಷ್ಟೇ ಫಲಕ್ಕೆ ಹೆಚ್ಚು ಹೆಚ್ಚು ಕಾಯಬೇಕಾಗುತ್ತದೆ. ಇಲ್ಲಿ ೮೦ ಎಂಬುದು ಗುರುತ್ವಾಕರ್ಷಣೆಯಂತಹ ನಿಸರ್ಗನಿಯಮವಲ್ಲ. ಕಸುಬಿನಿಂದ ಕಸುಬಿಗೆ, ಕಾರ್ಖಾನೆಯಿಂದ ಕಾರ್ಖಾನೆಗೆ ಈ ಅಂಕಿ ಬದಲಾಗುತ್ತದೆ. ಆದರೆ ರೇಖೆಯ ಆಕಾರ ಎಷ್ಟೋ ಕೈಗಾರಿಕೆಗಳಲ್ಲಿ ಮತ್ತೆ ಮತ್ತೆ ಕಂಡುಬಂದಿದೆ. ಇದಕ್ಕೆ ‘ಕಲಿಕೆಯ ರೇಖೆ’ ಎಂಬ ಹೆಸರು ನಿಂತಿದೆ.

ಈ ಇಳಿತ ಎಲ್ಲಿಂದ ಬರುತ್ತದೆ? ಕೆಲಸಗಾರನ ಕೈ ಪಳಗುವುದು ಒಂದು ಕಾರಣ ಮಾತ್ರ. ಉಪಕರಣಗಳನ್ನು ಕೈಗೆಟಕುವಲ್ಲಿ ಇರಿಸಿಕೊಳ್ಳುವುದು, ಯಾವ ಭಾಗವನ್ನು ಮೊದಲು ಜೋಡಿಸಿದರೆ ತೊಡಕಾಗದೆಂಬುದನ್ನು ಅರಿಯುವುದು, ಸರಕು ಸಕಾಲಕ್ಕೆ ಬರುವಂತೆ ಮಾಡುವುದು, ನಕ್ಷೆಯಲ್ಲಿದ್ದ ದೋಷಗಳನ್ನು ತಿದ್ದುವುದು ಇವೆಲ್ಲವೂ ಕಲಿಕೆಯೇ. ಮೇಸ್ತ್ರಿಯೂ ಕಲಿಯುತ್ತಾನೆ, ಶಿಲ್ಪಿಯೂ ಕಲಿಯುತ್ತಾನೆ, ವ್ಯವಸ್ಥಾಪಕನೂ ಕಲಿಯುತ್ತಾನೆ.

ವೇಗವೊಂದೇ ಅಳತೆಯಲ್ಲ

ಈ ರೇಖೆಗೆ ಅತ್ಯಂತ ಪ್ರಸಿದ್ಧವಾದ ನಿದರ್ಶನ ಎರಡನೆಯ ಮಹಾಯುದ್ಧದ ಕಾಲದ ‘ಲಿಬರ್ಟಿ’ ಹಡಗುಗಳದು. ೧೯೪೧ರಿಂದ ೧೯೪೫ರವರೆಗೆ ಅಮೆರಿಕದ ಹಡಗುಕಟ್ಟೆಗಳಲ್ಲಿ ಒಂದೇ ಮಾದರಿಯ ೨೭೧೦ ಸರಕು ಹಡಗುಗಳು ನಿರ್ಮಾಣವಾದವು. ದುಡಿಯಲು ಬಂದವರಲ್ಲಿ ಬಹುಮಂದಿ ಅದುವರೆಗೆ ಹಡಗುಕಟ್ಟೆಯನ್ನೇ ಕಂಡವರಲ್ಲ. ಸ್ತ್ರೀಯರೂ ದೊಡ್ಡ ಸಂಖ್ಯೆಯಲ್ಲಿ ಬೆಸುಗೆಯ ಕೆಲಸವನ್ನು ಕಲಿತರು. ಮೊದಲನೆಯ ಹಡಗಾದ ‘ಪ್ಯಾಟ್ರಿಕ್ ಹೆನ್ರಿ’ಗೆ ೨೪೪ ದಿನ ಹಿಡಿದಿತ್ತು, ಕ್ರಮೇಣ ಸರಾಸರಿ ೪೨ ದಿನಗಳಿಗೆ ಇಳಿಯಿತು. ೧೯೪೨ರ ನವೆಂಬರಿನಲ್ಲಿ ‘ರಾಬರ್ಟ್ ಇ. ಪಿಯರಿ’ ಎಂಬ ಹಡಗನ್ನು ನಾಲ್ಕು ದಿನ ಹದಿನೈದೂವರೆ ಗಂಟೆಗಳಲ್ಲಿ ಕಟ್ಟಿ ನೀರಿಗಿಳಿಸಿದರು. ಇದು ಮೊದಲೇ ಎಲ್ಲ ಭಾಗಗಳನ್ನೂ ಸಿದ್ಧಪಡಿಸಿಕೊಂಡು, ಲೋಕ ಬೆರಗಾಗಲೆಂದು ಮಾಡಿ ತೋರಿಸಿದ ಸಾಹಸ.

ಈ ಅಂಕಿಗಳು ಬಹುಕಾಲ ಕಲಿಕೆಯ ವಿಜಯಪತಾಕೆಯಂತೆ ಹಾರಾಡಿದವು. ಆದರೆ ಅರ್ಥಶಾಸ್ತ್ರಜ್ಞ ಪೀಟರ್ ಥಾಂಪ್ಸನ್ ಹಳೆಯ ದಾಖಲೆಗಳನ್ನು ಮತ್ತೆ ತೆರೆದು ೨೦೦೧ರಲ್ಲಿ ಒಂದು ವಿಮರ್ಶೆಯನ್ನು ಪ್ರಕಟಿಸಿದರು. ಅದೇ ಅವಧಿಯಲ್ಲಿ ಹಡಗುಕಟ್ಟೆಗಳಿಗೆ ಹೊಸ ಯಂತ್ರಗಳೂ ಎತ್ತುಗೆಗಳೂ ಬಂದು ಸೇರಿದ್ದವು. ಆದುದರಿಂದ ಶ್ರಮದ ಉಳಿತಾಯವೆಲ್ಲವನ್ನೂ ಕಲಿಕೆಯ ಲೆಕ್ಕಕ್ಕೆ ಬರೆಯುವುದು ಸರಿಯಲ್ಲವೆಂದು ಅವರು ತೋರಿಸಿದರು. ವೇಗದ ಜೊತೆಗೆ ಹಡಗಿನ ಗುಣವೂ ಕುಗ್ಗಿತ್ತು. ಲಿಬರ್ಟಿ ಹಡಗುಗಳಲ್ಲಿ ಹಲವು ನಡುಗಡಲಿನಲ್ಲಿ ಬಿರುಕು ಬಿಟ್ಟವು. ಕೆಲವು ಎರಡು ತುಂಡಾದವು. ಚಳಿಯಲ್ಲಿ ಬೇಗ ಸಿಡಿಯುವ ಉಕ್ಕು, ಅದಕ್ಕೆ ಜೊತೆಯಾಗಿ ಬೆಸುಗೆಯ ದೋಷಗಳು ಇದಕ್ಕೆ ಕಾರಣವಾಗಿದ್ದವು. ಎಷ್ಟು ಬೇಗ ಎಂಬುದನ್ನು ಮಾತ್ರ ಅಳೆದರೆ ಕಲಿಯುವವನು ಬೇಗ ಮಾಡುವುದನ್ನು ಮಾತ್ರ ಕಲಿಯುತ್ತಾನೆ. ಎಷ್ಟು ಚೆನ್ನಾಗಿ, ಎಷ್ಟು ಕ್ಷೇಮವಾಗಿ ಎಂಬುದನ್ನೂ ಅಳೆಯದ ತರಬೇತು ಅರ್ಧ ತರಬೇತೇ ಸರಿ.

ಕಲಿಸುವವನ ಹೊಣೆ

ಹಾಗಾದರೆ ಕಲಿಕೆ ತಾನಾಗಿಯೇ ಆಗಲೆಂದು ಕಾಯುತ್ತ ಕೂರಬೇಕೆ? ಬೇಕಿಲ್ಲ. ಕಲಿಸುವುದಕ್ಕೂ ಒಂದು ಕ್ರಮವುಂಟು. ಮೊದಲನೆಯ ಮಹಾಯುದ್ಧದಲ್ಲಿ ಅಮೆರಿಕದ ಹಡಗುಕಟ್ಟೆಗಳ ಕೆಲಸಗಾರರ ತರಬೇತನ್ನು ವಹಿಸಿಕೊಂಡಿದ್ದ ಚಾರ್ಲ್ಸ್ ಆರ್. ಆಲೆನ್, ೧೯೧೯ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಪಾಠವನ್ನು ನಾಲ್ಕು ಹಂತಗಳಾಗಿ ವಿಂಗಡಿಸಿದ್ದರು. ಎರಡನೆಯ ಮಹಾಯುದ್ಧ ಸಮೀಪಿಸಿದಾಗ ಅದೇ ವಿಚಾರಕ್ಕೆ ದೊಡ್ಡ ಪ್ರಮಾಣದ ಪರೀಕ್ಷೆ ಒದಗಿತು. ೧೯೪೦ರ ಆಗಸ್ಟಿನಲ್ಲಿ ಅಮೆರಿಕ ಸರ್ಕಾರವು ‘ಕೈಗಾರಿಕೆಯೊಳಗೇ ತರಬೇತು’ ಎಂಬ ಅರ್ಥದ ಹೆಸರಿನ ಸೇವೆಯೊಂದನ್ನು ಆರಂಭಿಸಿತು. ಚಾನಿಂಗ್ ರೈಸ್ ಡೂಲಿ ಅದರ ನಿರ್ದೇಶಕರು. ವಾಲ್ಟರ್ ಡೀಟ್ಸ್ ಅವರ ಸಹಾಯಕರು.

ಅವರ ಮುಂದೆ ಮೊದಲು ಬಂದ ಸಮಸ್ಯೆ ಮಸೂರಗಳನ್ನು ಸಾಣೆ ಹಿಡಿಯುವವರದು. ಯುದ್ಧವಿಮಾನದ ಗುರಿನೋಟದ ಉಪಕರಣಗಳಿಗೆ ಮಸೂರಗಳು ಬೇಕಾಗಿದ್ದವು. ಆದರೆ ಒಬ್ಬ ಪರಿಣತ ಸಾಣೆಗಾರ ತಯಾರಾಗಲು ಐದು ವರ್ಷ ಬೇಕೆಂದು ಆ ಕಸುಬಿನವರು ನಂಬಿದ್ದರು. ಇವರು ಆ ಕಸುಬನ್ನು ಬಿಡಿಬಿಡಿಯಾಗಿ ಬಿಡಿಸಿ ನೋಡಿದರು. ಪರಿಣತನು ಮಾಡುತ್ತಿದ್ದ ಕೆಲಸಗಳಲ್ಲಿ ಹಲವು ಅಷ್ಟೇನೂ ಪರಿಣತಿ ಬೇಡದವು. ಅವನ್ನು ಇತರರಿಗೆ ವಹಿಸಬಹುದಾಗಿತ್ತು. ಉಳಿದವುಗಳಲ್ಲಿಯೂ ನಿಜವಾಗಿ ಕಠಿಣವಾದ ಮರ್ಮಗಳು ಕೆಲವೇ. ಆ ಮರ್ಮಗಳನ್ನು ಗುರುತಿಸಿ ಕ್ರಮವಾಗಿ ಕಲಿಸಿದಾಗ ವರ್ಷಗಳ ಲೆಕ್ಕ ತಿಂಗಳುಗಳಿಗೆ ಇಳಿಯಿತು.

ಈ ಸೇವೆಯವರು ಕೆಲಸಗಾರರಿಗೆ ನೇರವಾಗಿ ಪಾಠ ಹೇಳಲಿಲ್ಲ. ಅವರು ಹಿಡಿದದ್ದು ಮೇಸ್ತ್ರಿಗಳನ್ನು. ಹತ್ತು ಹತ್ತು ಮಂದಿಯ ಗುಂಪು, ದಿನಕ್ಕೆ ಎರಡು ಗಂಟೆ, ಒಟ್ಟು ಐದು ದಿನ. ಹತ್ತು ಗಂಟೆಗಳಲ್ಲಿ ಪಾಠ ಮುಗಿಯುತ್ತಿತ್ತು. ಮೊದಲ ದಿನವೇ ಒಂದು ಪ್ರಯೋಗ ನಡೆಯುತ್ತಿತ್ತು. ವಿದ್ಯುದ್ದೀಪದ ತಂತಿಗೆ ಹಾಕುವ ಒಂದು ಗಂಟನ್ನು ಹೇಗೆ ಹಾಕಬೇಕೆಂದು ಬೋಧಕನು ಬರಿಯ ಮಾತಿನಲ್ಲಿ ವಿವರಿಸುತ್ತಿದ್ದ. ಕೇಳಿದ ಮೇಸ್ತ್ರಿಗೆ ಗಂಟು ಬರುತ್ತಿರಲಿಲ್ಲ. ಆಮೇಲೆ ಇನ್ನೊಬ್ಬನ ಮುಂದೆ ಮಾತಿಲ್ಲದೆ ಗಂಟನ್ನು ಹಾಕಿ ತೋರಿಸುತ್ತಿದ್ದ. ಆಗಲೂ ಬರುತ್ತಿರಲಿಲ್ಲ. ಕೊನೆಗೆ ನಾಲ್ಕು ಹಂತಗಳ ಕ್ರಮದಲ್ಲಿ ಕಲಿಸಿದಾಗ ಗಂಟು ಸಲೀಸಾಗಿ ಬೀಳುತ್ತಿತ್ತು. ಹೇಳಿದ ಮಾತ್ರಕ್ಕೆ ಕಲಿಸಿದಂತಾಗದು, ತೋರಿಸಿದ ಮಾತ್ರಕ್ಕೂ ಆಗದು ಎಂಬುದನ್ನು ಇದಕ್ಕಿಂತ ಸ್ಪಷ್ಟವಾಗಿ ಮನಗಾಣಿಸಲು ಬಾರದು.

ಆ ನಾಲ್ಕು ಹಂತಗಳು ಯಾವುವು? ನಮಗೆ ಪರಿಚಿತವಾದ ಹೂ ಕಟ್ಟುವ ಕೆಲಸವನ್ನೇ ತೆಗೆದುಕೊಳ್ಳೋಣ. ಕಲಿಸುವ ಮುನ್ನ ಕಲಿಸುವವಳು ಒಂದು ಹಾಳೆಯಲ್ಲಿ ಕೆಲಸವನ್ನು ಬಿಡಿಸಿ ಬರೆದುಕೊಳ್ಳಬೇಕು. ಎಡಗಡೆಯಲ್ಲಿ ಮುಖ್ಯ ಹೆಜ್ಜೆಗಳು: ಬಾಳೆಯ ನಾರನ್ನು ಹಿಡಿಯುವುದು; ಎರಡು ಮೊಗ್ಗುಗಳನ್ನು ಒಂದು ಕಡೆಗೂ ಎರಡನ್ನು ಇನ್ನೊಂದು ಕಡೆಗೂ ಮುಖಮಾಡಿ, ತೊಟ್ಟುಗಳು ನಡುವೆ ಕೂಡುವಂತೆ ಇಡುವುದು; ನಾರನ್ನು ಸುತ್ತಿ ಕುಣಿಕೆ ಬಿಗಿಯುವುದು. ಬಲಗಡೆಯಲ್ಲಿ ಪ್ರತಿಯೊಂದು ಹೆಜ್ಜೆಯ ಮರ್ಮಗಳು: ನಾರು ಒದ್ದೆಯಾಗಿರಬೇಕು, ಒಣಗಿದ್ದರೆ ಹರಿಯುತ್ತದೆ, ಕುಣಿಕೆ ಹೆಚ್ಚು ಬಿಗಿದರೆ ತೊಟ್ಟು ಕತ್ತರಿಸುತ್ತದೆ, ಸಡಿಲ ಬಿಟ್ಟರೆ ಹೂವು ಉದುರುತ್ತದೆ. ಪಳಗಿದ ಕೈಗಳು ಈ ಮರ್ಮಗಳನ್ನು ಹೇಳುವುದೇ ಇಲ್ಲ. ಹೇಳಬಾರದೆಂದಲ್ಲ, ಅವು ಇವೆಯೆಂಬುದೇ ಅವರಿಗೆ ಮರೆತುಹೋಗಿರುತ್ತದೆ.

ಹಾಳೆ ಸಿದ್ಧವಾದ ಮೇಲೆ ಮೊದಲನೆಯ ಹಂತ, ಕಲಿಯುವವಳನ್ನು ಅಣಿಗೊಳಿಸುವುದು. ಅವಳ ಅಂಜಿಕೆಯನ್ನು ಹೋಗಲಾಡಿಸಿ, ಅವಳಿಗೆ ಈಗಾಗಲೇ ಏನು ಗೊತ್ತಿದೆಯೆಂದು ಕೇಳಿ ತಿಳಿದು, ಕೈ ಕಾಣುವಂತೆ ಪಕ್ಕದಲ್ಲಿ ಕೂಡಿಸಿಕೊಳ್ಳಬೇಕು. ಎದುರಿಗೆ ಕೂತರೆ ಎಡ ಬಲಗಳು ತಿರುವುಮುರುವಾಗುತ್ತವೆ. ಎರಡನೆಯದು, ಒಂದೊಂದೇ ಹೆಜ್ಜೆಯನ್ನು ಹೇಳುತ್ತ, ಮಾಡುತ್ತ, ಮರ್ಮಗಳನ್ನು ಒತ್ತಿ ಹೇಳುತ್ತ ತೋರಿಸುವುದು. ಅವಳು ಹಿಡಿಯಬಲ್ಲದ್ದಕ್ಕಿಂತ ಹೆಚ್ಚನ್ನು ಒಮ್ಮೆಗೆ ಹೇಳಬಾರದು. ಮೂರನೆಯದು, ಅವಳ ಕೈಯಿಂದ ಮಾಡಿಸುವುದು. ಮಾಡುತ್ತಿರುವಾಗ ಏನು, ಏಕೆ ಎಂಬುದನ್ನು ಅವಳ ಬಾಯಿಂದಲೇ ಹೇಳಿಸಬೇಕು. ತಪ್ಪಿದಲ್ಲಿ ಆಗಲೇ ತಿದ್ದಬೇಕು. ನಾಲ್ಕನೆಯದು, ಅವಳನ್ನು ಕೆಲಸಕ್ಕೆ ಬಿಟ್ಟು, ಸಂಶಯ ಬಂದರೆ ಯಾರನ್ನು ಕೇಳಬೇಕೆಂದು ತಿಳಿಸಿ, ಆಗಾಗ ಹೋಗಿ ನೋಡುತ್ತ, ಬರಬರುತ್ತ ಆ ಭೇಟಿಗಳನ್ನು ಕಡಿಮೆ ಮಾಡುವುದು. ಮರೆವು ಬೇಗ ಆವರಿಸುತ್ತದೆಂಬ ಎಬಿಂಗ್‌ಹೌಸರ ಮಾತನ್ನು ನೆನೆದರೆ ಈ ಕೊನೆಯ ಹಂತದ ಮಹತ್ತ್ವ ತಿಳಿಯುತ್ತದೆ.

ಈ ವಿಧಾನದ ಹಿಂದೆ ಒಂದು ನೀತಿಯೂ ಇತ್ತು. ಕೆಲಸಗಾರನು ಕಲಿಯದಿದ್ದರೆ ಆ ಲೋಪವು ಕಲಿಸಿದವನದೆಂದು ಮೇಸ್ತ್ರಿಗಳಿಗೆ ಮನದಟ್ಟು ಮಾಡಿಸುತ್ತಿದ್ದರು. ‘ಇವನಿಗೆ ತಲೆಯಿಲ್ಲ’ ಎಂದು ಕೈತೊಳೆದುಕೊಳ್ಳುವ ದಾರಿ ಇದರಿಂದ ಮುಚ್ಚಿಹೋಯಿತು.

೧೯೪೫ರಲ್ಲಿ ಸೇವೆ ಮುಗಿಯುವ ಹೊತ್ತಿಗೆ ಹದಿನಾರು ಸಾವಿರಕ್ಕಿಂತ ಹೆಚ್ಚು ಕಾರ್ಖಾನೆಗಳಲ್ಲಿ ಸುಮಾರು ಹದಿನೇಳು ಲಕ್ಷ ಪ್ರಮಾಣಪತ್ರಗಳು ವಿತರಣೆಯಾಗಿದ್ದವು. ಫಲ ಚೆನ್ನಾಗಿತ್ತೆಂದು ಸೇವೆಯವರೇ ವರದಿ ಮಾಡಿದರು. ತಾನು ಮಾಡಿದ್ದನ್ನು ತಾನೇ ಹೊಗಳಿಕೊಂಡರೆ ವಿಜ್ಞಾನ ಒಪ್ಪದಷ್ಟೆ. ನಿಕೊಲಾ ಬಿಯಾಂಕಿ ಮತ್ತು ಮಿಕೇಲಾ ಜೋರ್ಚೆಲ್ಲಿ ಎಂಬ ಇಬ್ಬರು ಅರ್ಥಶಾಸ್ತ್ರಜ್ಞರು, ಈ ತರಬೇತಿಗಾಗಿ ಅರ್ಜಿ ಹಾಕಿದ್ದ ೧೧,೫೭೫ ಸಂಸ್ಥೆಗಳ ದಾಖಲೆಗಳನ್ನು ಕಲೆಹಾಕಿ, ತರಬೇತು ಪಡೆದವನ್ನೂ ಪಡೆಯದವನ್ನೂ ಹೋಲಿಸಿ ೨೦೨೨ರಲ್ಲಿ ಪ್ರಬಂಧ ಪ್ರಕಟಿಸಿದರು. ತರಬೇತು ಪಡೆದ ಸಂಸ್ಥೆಗಳು ಉತ್ತಮವಾಗಿ ನಡೆದವೆಂದೂ, ಆ ಪ್ರಯೋಜನ ಹತ್ತು ವರ್ಷಗಳಷ್ಟು ಕಾಲ ಉಳಿಯಿತೆಂದೂ ಅವರು ಕಂಡರು. ಯುದ್ಧಾನಂತರ ಇದೇ ಕ್ರಮ ಜಪಾನಿಗೆ ಹೋಗಿ, ೧೯೫೦ರ ದಶಕದಲ್ಲಿ ಟೊಯೋಟ ಮುಂತಾದ ಕಾರ್ಖಾನೆಗಳಲ್ಲಿ ಬೇರೂರಿತು. ಅದೇ ಸಂಸ್ಥೆ ೨೦೦೭ರಲ್ಲಿ ನಮ್ಮ ಬಿಡದಿಯಲ್ಲಿ, ಹತ್ತನೆಯ ತರಗತಿ ಮುಗಿಸಿದ ಗ್ರಾಮೀಣ ವಿದ್ಯಾರ್ಥಿಗಳಿಗಾಗಿ ತಾಂತ್ರಿಕ ತರಬೇತು ಶಾಲೆಯೊಂದನ್ನು ತೆರೆಯಿತು.

ಕಾರ್ಖಾನೆಯ ಮರೆವು

ಮನುಷ್ಯನಂತೆ ಕಾರ್ಖಾನೆಯೂ ಮರೆಯುತ್ತದೆ. ಅಮೆರಿಕದ ಲಾಕ್‌ಹೀಡ್ ಸಂಸ್ಥೆ ‘ಟ್ರೈಸ್ಟಾರ್’ ಎಂಬ ದೊಡ್ಡ ಪ್ರಯಾಣಿಕ ವಿಮಾನವನ್ನು ತಯಾರಿಸುತ್ತಿತ್ತು. ಆರಂಭದಲ್ಲಿ ಒಂದೊಂದು ವಿಮಾನಕ್ಕೆ ತಗಲುವ ಶ್ರಮ ರೈಟರ ನಿಯಮದಂತೆಯೇ ಇಳಿಯುತ್ತ ಬಂತು. ೧೯೭೦ರ ದಶಕದ ನಡುವೆ ಬೇಡಿಕೆ ಕುಗ್ಗಿ ತಯಾರಿಕೆ ತಗ್ಗಿತು. ಆಗ ರೇಖೆ ಇಳಿಯುವುದನ್ನು ಬಿಟ್ಟು ಮೇಲಕ್ಕೆ ತಿರುಗಿತು. ಒಂದೊಂದು ವಿಮಾನಕ್ಕೆ ಹಿಂದಿಗಿಂತ ಹೆಚ್ಚು ಶ್ರಮ ಬೇಕಾಯಿತು. ೨೦೦೦ದಲ್ಲಿ ಈ ಅಂಕಿಗಳನ್ನು ವಿಶ್ಲೇಷಿಸಿದ ಲೇನಿಯರ್ ಬೆಂಕರ್ಡ್, ಇದಕ್ಕೆ ಸಂಸ್ಥೆಯ ಮರೆವೇ ಕಾರಣವೆಂದು ವಿವರಿಸಿದರು. ಪಳಗಿದವರು ಹೊರಟುಹೋದಾಗ ಅವರ ಕೈಯಲ್ಲಿದ್ದ ವಿದ್ಯೆಯೂ ಅವರೊಡನೆ ಬಾಗಿಲು ದಾಟುತ್ತದೆ. ಒಟ್ಟು ೨೫೦ ವಿಮಾನಗಳಾದ ಮೇಲೆ ೧೯೮೪ರಲ್ಲಿ ಆ ತಯಾರಿಕೆ ನಿಂತಿತು.

ನಷ್ಟದ ವರ್ಷದಲ್ಲಿ ಕೆಲಸಗಾರರನ್ನು ತೆಗೆದುಹಾಕಿ, ಲಾಭದ ವರ್ಷದಲ್ಲಿ ಹೊಸಬರನ್ನು ಸೇರಿಸಿಕೊಳ್ಳುವ ಮಾಲೀಕರು ಉಳಿತಾಯವಾಯಿತೆಂದು ಎಣಿಸುತ್ತಾರೆ. ಆದರೆ ಕಳೆದುಹೋದ ಕುಶಲತೆಯ ಬೆಲೆ ಯಾವ ಲೆಕ್ಕಪುಸ್ತಕದಲ್ಲಿಯೂ ಪ್ರತ್ಯೇಕವಾಗಿ ಕಾಣಿಸುವುದಿಲ್ಲ. ಹೆಜ್ಜೆ ಮತ್ತು ಮರ್ಮಗಳನ್ನು ಬರೆದಿಡುವುದು, ಹಿರಿಯರು ನಿವೃತ್ತರಾಗುವ ಮುನ್ನ ಕಿರಿಯರನ್ನು ಅವರ ಜೊತೆಗೂಡಿಸುವುದು, ಇವು ಈ ಮರೆವಿಗೆ ಮದ್ದು. ಭಾರತದಲ್ಲಿ ೧೯೬೧ರ ಅಪ್ರೆಂಟಿಸ್ ಕಾಯಿದೆ ಕಿರಿಯರನ್ನು ಹೀಗೆ ಕೆಲಸದ ಸ್ಥಳದಲ್ಲಿಯೇ ಕಲಿಸುವ ಹೊಣೆಯನ್ನು ಉದ್ಯಮಗಳ ಮೇಲೆ ಹೊರಿಸಿತು.

ಬೆಂಗಳೂರಿನ ಹೊಲಿಗೆ ಸಾಲುಗಳಲ್ಲಿ

ಔಷಧಿಯ ಗುಣವನ್ನು ಪರೀಕ್ಷಿಸುವಾಗ ರೋಗಿಗಳನ್ನು ಚೀಟಿ ಎತ್ತಿ ಎರಡು ಗುಂಪು ಮಾಡಿ, ಒಂದಕ್ಕೆ ಮಾತ್ರ ಔಷಧಿ ಕೊಟ್ಟು ನೋಡುವ ಪದ್ಧತಿಯುಂಟು. ಇತ್ತೀಚಿನ ವರ್ಷಗಳಲ್ಲಿ ಇದೇ ಪದ್ಧತಿಯನ್ನು ಕಾರ್ಖಾನೆಗಳಿಗೂ ಅನ್ವಯಿಸಿದ್ದಾರೆ. ಮುಂಬಯಿಯ ಸಮೀಪದ ಬಟ್ಟೆ ಗಿರಣಿಗಳಲ್ಲಿ ನಿಕೊಲಸ್ ಬ್ಲೂಮ್ ಮತ್ತು ಸಂಗಡಿಗರು, ದೋಷಗಳ ದಾಖಲೆ, ಯಂತ್ರಗಳ ಪಾಲನೆ, ದಾಸ್ತಾನಿನ ಲೆಕ್ಕ ಮುಂತಾದ ೩೮ ವಾಡಿಕೆಗಳನ್ನು ಕೆಲವು ಗಿರಣಿಗಳಿಗೆ ಮಾತ್ರ ಕಲಿಸಿ ನೋಡಿದರು. ಕಲಿತ ಗಿರಣಿಗಳಲ್ಲಿ ಮೊದಲ ವರ್ಷವೇ ಉತ್ಪಾದಕತೆ ನೂರಕ್ಕೆ ೧೭ರಷ್ಟು ಏರಿತೆಂದು ೨೦೧೩ರಲ್ಲಿ ವರದಿಯಾಯಿತು.

ನಮಗೆ ಇನ್ನೂ ಹತ್ತಿರದ ಉದಾಹರಣೆ ಬೆಂಗಳೂರಿನದು. ಜನರು ‘ಗಾರ್ಮೆಂಟ್ಸ್’ ಎಂದು ಕರೆಯುವ ಸಿದ್ಧ ಉಡುಪಿನ ಕಾರ್ಖಾನೆಗಳಲ್ಲಿ ದುಡಿಯುವ ಮಹಿಳೆಯರಿಗೆ ಒಂದು ತರಬೇತನ್ನು ಏರ್ಪಡಿಸಲಾಯಿತು. ಇದರಲ್ಲಿ ಹೊಲಿಗೆಯ ಪಾಠವಿರಲಿಲ್ಲ. ತನ್ನ ಮಾತನ್ನು ಸ್ಪಷ್ಟವಾಗಿ ಹೇಳುವುದು, ಕಾಲವನ್ನು ಹೊಂದಿಸಿಕೊಳ್ಳುವುದು, ತೊಡಕನ್ನು ಬಿಡಿಸುವುದು, ಹಣದ ಲೆಕ್ಕವನ್ನು ನೋಡಿಕೊಳ್ಳುವುದು ಇಂತಹ ವಿಷಯಗಳಿದ್ದವು. ಸೇರಲು ಬಯಸಿದವರ ಪೈಕಿ ಯಾರಿಗೆ ಅವಕಾಶವೆಂಬುದನ್ನು ಚೀಟಿಯಿಂದ ತೀರ್ಮಾನಿಸಿದರು. ಅಚ್ಯುತ ಅಧ್ವರ್ಯು, ನಮ್ರತಾ ಕಲಾ ಮತ್ತು ಅನಂತ ನ್ಯಾಯಶಾಧಂ ಎಂಬ ಅರ್ಥಶಾಸ್ತ್ರಜ್ಞರು ಅದರ ಫಲವನ್ನು ಅಳೆದರು. ತರಬೇತು ಪಡೆದವರ ಉತ್ಪಾದಕತೆ ಉಳಿದವರಿಗಿಂತ ನೂರಕ್ಕೆ ೧೩.೫ರಷ್ಟು ಹೆಚ್ಚಾಗಿತ್ತು.

ಮಾತು ಕಲಿತರೆ ಹೊಲಿಗೆ ಹೇಗೆ ಹೆಚ್ಚುತ್ತದೆಂದು ವಾಚಕರು ಕೇಳಬಹುದು. ಹೊಲಿಗೆಯ ಸಾಲಿನಲ್ಲಿ ಒಬ್ಬಳು ಮುಗಿಸಿದ ತುಂಡು ಮುಂದಿನವಳ ಕೈಗೆ ಹೋಗುತ್ತದೆ. ಸೂಜಿ ಕೆಟ್ಟಾಗಲೋ, ಹಿಂದಿನಿಂದ ಬಂದ ತುಂಡಿನಲ್ಲಿ ದೋಷವಿದ್ದಾಗಲೋ ಅಂಜಿ ಸುಮ್ಮನೆ ಕುಳಿತರೆ ಇಡೀ ಸಾಲು ತಡವಾಗುತ್ತದೆ. ಧೈರ್ಯವಾಗಿ ಮೇಲ್ವಿಚಾರಕನನ್ನು ಕರೆದು ಹೇಳಬಲ್ಲವಳು ಆ ಕಾಲವನ್ನು ಉಳಿಸುತ್ತಾಳೆ. ತರಬೇತು ಪಡೆದವರಲ್ಲಿ ಇತರರೊಡನೆ ಬೆರೆತು ಮಾತನಾಡುವ ಗುಣ ಹೆಚ್ಚಿದ್ದೂ, ಅವರು ಹೊಸ ಕೌಶಲಗಳನ್ನು ಕಲಿಯಲು ಮುಂದಾದದ್ದೂ ಅಧ್ಯಯನದಲ್ಲಿ ಕಂಡುಬಂದಿವೆ.

ಫಲ ಯಾರ ಪಾಲಿಗೆ?

ಅದೇ ಅಧ್ಯಯನದ ಇ‌ನ್ನೆರಡು ಅಂಕಿಗಳನ್ನು ಇಲ್ಲಿ ಹೇಳಲೇಬೇಕು. ತರಬೇತು ಮುಗಿದು ಎಂಟು ತಿಂಗಳಾಗುವಷ್ಟರಲ್ಲಿ ಸಂಸ್ಥೆಗೆ ಅದಕ್ಕೆ ಹಾಕಿದ ಹಣದ ಮೇಲೆ ನೂರಕ್ಕೆ ೨೫೬ರಷ್ಟು ನಿವ್ವಳ ಪ್ರತಿಫಲ ದೊರೆತಿತ್ತು. ಆ ಮಹಿಳೆಯರ ಕೂಲಿ ಏರಿದ್ದು ನೂರಕ್ಕೆ ೦.೫ರಷ್ಟು ಮಾತ್ರ.

ತರಬೇತು ಕೊಟ್ಟರೆ ಕಲಿತವರು ಹೆಚ್ಚಿನ ಸಂಬಳ ಕೇಳುತ್ತಾರೆ, ಇಲ್ಲವೆ ಬೇರೆಡೆಗೆ ಹಾರಿಹೋಗುತ್ತಾರೆಂಬುದು ಮಾಲೀಕರ ಹಳೆಯ ಭಯ. ಈ ಭಯಕ್ಕೆ ಶಾಸ್ತ್ರೀಯ ರೂಪ ಕೊಟ್ಟವರು ಗ್ಯಾರಿ ಬೆಕರ್. ೧೯೬೪ರ ತಮ್ಮ ಗ್ರಂಥದಲ್ಲಿ ಅವರು ತರಬೇತನ್ನು ಎರಡಾಗಿ ವಿಂಗಡಿಸಿದರು: ಒಂದೇ ಸಂಸ್ಥೆಯಲ್ಲಿ ಉಪಯೋಗಕ್ಕೆ ಬರುವಂಥದು, ಎಲ್ಲಿ ಹೋದರೂ ಉಪಯೋಗಕ್ಕೆ ಬರುವಂಥದು. ಎರಡನೆಯದಕ್ಕೆ ಯಾವ ಮಾಲೀಕನೂ ಹಣ ಹಾಕಲಾರ, ಏಕೆಂದರೆ ಪೈಪೋಟಿಯಿರುವ ಸಂತೆಯಲ್ಲಿ ಅದರ ಲಾಭವೆಲ್ಲ ಕೂಲಿಯ ರೂಪದಲ್ಲಿ ಕೆಲಸಗಾರನಿಗೇ ಹೋಗುತ್ತದೆ ಎಂಬುದು ಅವರ ತರ್ಕ. ಬೆಂಗಳೂರಿನ ಅಂಕಿಗಳು ಬೇರೆಯೇ ಕಥೆಯನ್ನು ಹೇಳುತ್ತವೆ. ಎಲ್ಲಿ ಹೋದರೂ ಉಪಯೋಗಕ್ಕೆ ಬರುವ ವಿದ್ಯೆಯನ್ನೇ ಅಲ್ಲಿ ಕಲಿಸಿದರು. ಲಾಭದ ಬಹುಪಾಲು ಸಂಸ್ಥೆಯಲ್ಲಿಯೇ ಉಳಿಯಿತು. ಮಾಲೀಕರ ಭಯಕ್ಕೆ ಇಲ್ಲಿ ಆಧಾರ ಕಾಣಲಿಲ್ಲವೆಂಬುದು ಒಳ್ಳೆಯ ಸುದ್ದಿಯೇ. ತರಬೇತಿಗೆ ಹಣ ಹಾಕಲು ಹಿಂಜರಿಯುವವರು ಇದನ್ನು ಓದಬೇಕು. ಆದರೆ ಕಲಿತ ಕೈಗೆ ಅದರ ನ್ಯಾಯವಾದ ಪಾಲು ಬಂದಿತೆಂದು ನಾವು ಹೇಳಲಾರೆವು. ತಾನು ಕಲಿತದ್ದು ತನ್ನ ಬಾಳನ್ನು ಹಸನುಗೊಳಿಸುವುದಿಲ್ಲವೆಂದು ಒಮ್ಮೆ ಮನಗಂಡವನು ಎರಡನೆಯ ಬಾರಿ ಅಷ್ಟೇ ಉತ್ಸಾಹದಿಂದ ಕಲಿಯುವನೆಂಬ ಭರವಸೆಯಿಲ್ಲ. ಹಾಗಾದಲ್ಲಿ ನಷ್ಟ ಕಾರ್ಖಾನೆಗೂ ತಪ್ಪದು.

ಈ ಲೇಖನವನ್ನು ಓದುತ್ತಿರುವ ವಿದ್ಯಾರ್ಥಿಗಳು ಕೆಲವೇ ವರ್ಷಗಳಲ್ಲಿ ಕಾರ್ಖಾನೆ, ಕಚೇರಿ, ಆಸ್ಪತ್ರೆ, ಅಂಗಡಿ ಎಲ್ಲಾದರೊಂದು ಕಡೆ ಕೆಲಸಕ್ಕೆ ಸೇರುವವರು. ಸೇರುವಾಗ ಸಂಬಳವೆಷ್ಟೆಂದು ಕೇಳುವುದು ಸಹಜ; ಕೇಳಬೇಕಾದುದೂ ಹೌದು. ಅದರ ಜೊತೆಗೆ ಇನ್ನೆರಡು ಪ್ರಶ್ನೆಗಳನ್ನು ಕೇಳಿದರೆ ಲೇಸು. ನನಗೆ ಇಲ್ಲಿ ಕಲಿಸುವವರು ಯಾರು? ಕಲಿತ ಮೇಲೆ ನನ್ನ ಸ್ಥಾನ ಮತ್ತು ಸಂಬಳ ಹೇಗೆ ಮುಂದುವರಿಯುತ್ತದೆ? ಮೊದಲ ವಾರಗಳಲ್ಲಿ ರೇಖೆ ಬಯಲಿನಂತೆ ನಿಂತಾಗ ಎದೆಗುಂದಬೇಡಿ. ಕೆಳಗಿನ ಮೆಟ್ಟಿಲು ಗಟ್ಟಿಯಾಗುತ್ತಿರುವುದೆಂದು ತಿಳಿಯಿರಿ. ಮುಂದೊಂದು ದಿನ ನಿಮ್ಮ ಪಕ್ಕದಲ್ಲಿ ಹೊಸಬನೊಬ್ಬ ಬಂದು ಕೂರುತ್ತಾನೆ. ಅವನಿಗೆ ಕೆಲಸ ಬಾರದಿದ್ದರೆ ಮೊದಲು ನಿಮ್ಮ ಪಾಠದ ಹಾಳೆಯನ್ನು ತೆಗೆದು, ಅದರಲ್ಲಿ ಯಾವ ಮರ್ಮವನ್ನು ಬರೆಯಲು ಬಿಟ್ಟಿದ್ದೀರೆಂದು ಹುಡುಕಿರಿ.